ಅಳಿಯ ಕಟ್ಟಿದ ಮನೆಪಟ್ಟಿ

ನಮ್ಮ ಊರಿಗೆ ಆನ್‌ಲೈನ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ನಮ್ಮ ಮನೆಗೆ ಬಂದಿತ್ತು. ತಂದವನು ನನ್ನ ಅಕ್ಕನ ಗಂಡ. ಇಳಕಲ್ಲಿನಲ್ಲಿ ಆಗಿನ್ನೂ ಮನೆಪಟ್ಟಿ, ಅಂದರೆ ಮನೆಯ ಕಂದಾಯ, ಕಟ್ಟಲು ಮುನ್ಸಿಪಾಲಿಟಿಯ ಕಿಟಕಿಯ ಮುಂದೆ ಸಾಲು ಹಚ್ಚಬೇಕಿತ್ತು. ಒಳಗಿನವರು ಕಾರ್ಬನ್ ಇಟ್ಟು, ಒತ್ತಿ ಒತ್ತಿ, ಕೈಯಿಂದ ಪಾವತಿ ಬರೆದು ಕೊಡುತ್ತಿದ್ದರು. ಅಂಥ ಕಾಲದಲ್ಲಿ ನಾವು ಮಾತ್ರ ಬಾಗಲಕೋಟೆಯಲ್ಲಿದ್ದ ಕಂಪ್ಯೂಟರಿನಿಂದ ಮನೆಪಟ್ಟಿ ಕಟ್ಟುತ್ತಿದ್ದೆವು. ಆ ಅನುಕೂಲಕ್ಕೆಂದು ಪಟ್ಟಿಯ ಮೇಲೆ ಇಷ್ಟು ರೊಕ್ಕ ಹೆಚ್ಚಿಗೆ ಕೊಡುತ್ತಿದ್ದೆವು. ಹಾಗೆಂದು ನಾಲ್ಕು ವರ್ಷ ನಂಬಿದ್ದೆ ನಾನು, ತರಗತಿಯಲ್ಲಿ ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತೇನೆಂದು ಹೆಮ್ಮೆ ಪಡುತ್ತಿದ್ದ ಮಾಸ್ತರಿಣಿ.

ನಮ್ಮದು ನೇಕಾರರ ಓಣಿ. ಮನೆ ಎಂದರೆ ಮುಂದೆ ಪಡಸಾಲೆ, ಅದರ ನೆಲ ಅಗೆದು ಕೂಡಿಸಿದ ಕುಣಿಮಗ್ಗ, ಹಿಂದೆ ಒಂದು ಕೋಣೆ, ಅದರ ಹಿಂದೆ ಮಣ್ಣು ನೆಲದ ಅಡುಗೆಮನೆ. ಅಪ್ಪ ಸಾವುಕಾರರ ನೂಲು ತಂದು ಸೀರೆ ನೇಯ್ದು ಮಜೂರಿ ತರುತ್ತಿದ್ದ. ನೂಲು ಸಾವುಕಾರರದು, ಸೆರಗಿನ ರೇಷ್ಮೆ ಸಾವುಕಾರರದು, ನೇಯ್ದು ಮುಗಿಸಿದ ಸೀರೆಯೂ ಸಾವುಕಾರರದು. ನಮ್ಮದು ಅನ್ನುವುದು ಮನೆ ಒಂದೇ. ಅದಕ್ಕೇ ಏನೋ, ಮನೆಪಟ್ಟಿ ಕಟ್ಟುವ ದಿನ ಅಪ್ಪನ ಗತ್ತೇ ಬೇರೆ ಇರುತ್ತಿತ್ತು. ಮಗ್ಗಕ್ಕೆ ಅರ್ಧ ದಿನ ಸೂಟಿ ಕೊಟ್ಟು, ಇಸ್ತ್ರಿ ಮಾಡಿದ ಧೋತರ ಉಟ್ಟು, ಯುಗಾದಿಯ ಒಳಗೇ ಹೋಗಿ ಕಟ್ಟಿ ಬರುತ್ತಿದ್ದ. ಪಾವತಿಯನ್ನು ದೇವರ ಜಗುಲಿಯ ಮೇಲೆ ಇಟ್ಟು, ನಮ್ಮ ಮನೆಯ ಮೇಲೆ ಯಾರದೂ ಬಾಕಿ ಇಲ್ಲ ಎಂದು ಒಂದು ಸಲ ಗಟ್ಟಿಯಾಗಿ ಹೇಳಿ ಊಟಕ್ಕೆ ಕೂಡುತ್ತಿದ್ದ. ಅರ್ಧ ಓಣಿಯ ಮೇಲೆ ಬಾಕಿ ಇತ್ತು. ಹಾಗಾಗಿ ಆ ಮಾತು ಪಕ್ಕದ ಮನೆಗೆ ಕೇಳುವಷ್ಟು ಗಟ್ಟಿಯಾಗಿರುತ್ತಿತ್ತು.

ಅಪ್ಪ ತೀರಿಕೊಂಡಾಗ ಅಕ್ಕನ ಮದುವೆಯಾಗಿ ಒಂದು ವರ್ಷವಾಗಿತ್ತು. ಮಗ್ಗ ಖಾಲಿ ಬಿಡಬಾರದೆಂದು ಅವ್ವ ತಾನೇ ಕುಣಿಗೆ ಇಳಿದಳು. ನನಗೆ ಹುನಗುಂದದ ಶಾಲೆಯಲ್ಲಿ ನೌಕರಿ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಮದುವೆ ಕೂಡಿ ಬರಲಿಲ್ಲ. ನೋಡಲು ಬಂದವರ ಮುಂದೆ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರೆ ಕೂಡಿ ಬರುತ್ತಿತ್ತೆಂದು ಅವ್ವ ಹೇಳುತ್ತಿದ್ದಳು. ಹೀಗೆ ಅಪ್ಪನ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಪಗಾರ ತಂದು ಅವ್ವನ ಕೈಯಲ್ಲಿ ಕೊಡುತ್ತಿದ್ದೆ, ಅದು ಎಲ್ಲಿ ಹೋಯಿತೆಂದು ಒಂದು ದಿನವೂ ಕೇಳಿದವಳಲ್ಲ. ಮನೆಪಟ್ಟಿಯನ್ನು ಮಾತ್ರ ಅಪ್ಪನ ಹಾಗೆ ನಾನೇ ಹೋಗಿ ಕಟ್ಟುತ್ತಿದ್ದೆ. ಆ ಒಂದು ಪಾವತಿ ತಪ್ಪಬಾರದು ಎಂಬುದು ನನಗೆ ಅಪ್ಪ ಬಿಟ್ಟುಹೋದ ಹಟ.

ಭಾವನ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಓಣಿ ಮುಳುಗಿದಾಗ ಅವರು ಊರಿನ ಹೊಸ ಭಾಗವಾದ ನವನಗರಕ್ಕೆ ಬಂದರು, ಭಾವ ಅಲ್ಲಿ ಒಂದು ಎಸ್‌ಟಿಡಿ ಬೂತ್ ಇಟ್ಟ. ಗಾಜಿನ ಗೂಡು, ಒಳಗೆ ಕೆಂಪು ಅಂಕಿ ಓಡುವ ಮೀಟರು, ಹೊರಗೆ ಕಾಯುತ್ತ ನಿಂತ ಜನ. ಆ ದಿನಗಳಲ್ಲಿ ಅವನು ಇಳಕಲ್ಲಿಗೆ ಬಂದರೆ ಅಮೀನಗಡದಲ್ಲಿ ಬಸ್ಸು ಇಳಿದು ಕರದಂಟು ಕಟ್ಟಿಸಿಕೊಂಡೇ ಬರುತ್ತಿದ್ದ. ಬಾಯಿ ತುಂಬ ನಗುತ್ತಿದ್ದ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತೇವೆ. ನಾನು ಮಾಮಾ ಎಂದರೆ ಅವನು ನನಗೆ ಏನ್ರಿ ಅಕ್ಕೋರ ಎನ್ನುತ್ತಿದ್ದ, ಶಾಲೆಯ ಮಕ್ಕಳು ನನ್ನನ್ನು ಕರೆಯುವ ದನಿಯಲ್ಲಿ. ಅವನು ನನಗೆ ಸೇರುತ್ತಿದ್ದ. ಅದನ್ನು ಈಗ ಬರೆಯಲು ಮೈ ಉರಿಯುತ್ತದೆ, ಆದರೆ ಖರೆ.

ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು. ಬೂತಿನ ಮುಂದಿನ ಜನ ಕರಗಿದರು. ಕರದಂಟು ಕಿಲೋದಿಂದ ಅರ್ಧ ಕಿಲೋಕ್ಕೆ ಇಳಿಯಿತು, ಕಡೆಗೆ ಬಾಳೆಹಣ್ಣಿಗೆ ಬಂತು. ಭಾವ ಗಾಜು ಕೀಳಿಸಿ, ಸಾಲ ತೆಗೆದು, ಒಂದು ಝೆರಾಕ್ಸ್ ಮಷಿನ್ನು ಒಂದು ಕಂಪ್ಯೂಟರು ತಂದಿಟ್ಟ. ಇಲ್ಲಿ ಎಲ್ಲಾ ಬಿಲ್ ಕಟ್ಟಲಾಗುವುದು ಎಂದು ಬೋರ್ಡು ಬರೆಸಿದ. ಯಾವ ಬಿಲ್ಲು, ಯಾವ ಊರಿನದು ಎಂದು ಬರೆಸಿರಲಿಲ್ಲ.

ಒಂದು ಮಾರ್ಚಿನಲ್ಲಿ ಅವನು ಬಂದಾಗ, ಮನೆಪಟ್ಟಿಗಾಗಿ ಅರ್ಧ ದಿನ ರಜೆ ಹಾಕಬೇಕಲ್ಲ ಎಂದು ನಾನು ಗೊಣಗುತ್ತಿದ್ದೆ. ಭಾವ ಚಹಾದ ಬಸಿ ಕೆಳಗಿಟ್ಟು ನಕ್ಕ. ಇನ್ನೂ ಯಾವ ಕಾಲದಲ್ಲಿ ಇದ್ದೀರಿ, ಈಗ ಎಲ್ಲ ಆನ್‌ಲೈನ್ ಆಗಿದೆ, ನನ್ನ ಅಂಗಡಿಯಲ್ಲಿ ಕುಳಿತು ಬೆಳಗಾವಿಯ ಬಿಲ್ಲು ಕಟ್ಟುತ್ತಾರೆ, ಇಳಕಲ್ಲು ಯಾವ ಮಹಾ ದೂರ ಎಂದ. ಅಕ್ಕೋರು ಬಿಸಿಲಿಗೆ ನಿಲ್ಲುವುದು ಬೇಡ, ರೊಕ್ಕ ನನ್ನ ಕೈಗೆ ಕೊಟ್ಟರೆ ಸಾಕು ಎಂದ. ಮೇಲೆ ಒಂದಿಷ್ಟು ಚಾರ್ಜು ಬೀಳುತ್ತದೆ ಎಂದು ಕಡೆಗೆ ಸೇರಿಸಿದ.

"ನಂಗ ಒಂದು ಪೈಸಾ ಬ್ಯಾಡ್ರಿ, ಅತ್ತಿ. ಅದನ್ನ ಕಂಪ್ಯೂಟರ ತಗೋತೈತಿ. ಅನುಕೂಲ ಮಾಡಿ ಕೊಟ್ಟಿದ್ದಕ್ಕ."

ಕುಣಿಯಲ್ಲಿ ಕೂತಿದ್ದ ಅವ್ವ ಲಾಳಿಯನ್ನು ಕೈಯಲ್ಲೇ ಹಿಡಿದು, ಹಾಗಾದರೆ ಕಂಪ್ಯೂಟರಿಗೂ ಆಯಾರ ಮಾಡಬೇಕಾಯಿತು ಎಂದಳು. ಮೂವರೂ ನಕ್ಕೆವು.

ಆಯಾರ ಎಂದರೆ ನಮ್ಮಲ್ಲಿ ಬೀಗರಿಗೆ, ಅಳಿಯನಿಗೆ ಕೊಡುವ ಮರ್ಯಾದೆ. ಅಳಿಯನಿಂದ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದು ನಮ್ಮ ಓಣಿಯಲ್ಲಿ ಇಲ್ಲ. ಒಂದು ಚೀಲ ಹೊತ್ತು ತಂದರೂ ಅವನಿಗೆ ಎಲೆ ಅಡಿಕೆ, ತೆಂಗಿನಕಾಯಿ, ಒಂದು ಅಂಗಿಯ ಬಟ್ಟೆ, ಮೇಲೆ ಇಷ್ಟು ದಕ್ಷಿಣೆ ಕೊಟ್ಟು ಕಳಿಸಬೇಕು. ಅವ್ವ ಕಂಪ್ಯೂಟರಿನ ಚಾರ್ಜನ್ನೂ ಆ ತಟ್ಟೆಯಲ್ಲೇ ಇಟ್ಟು ಕುಂಕುಮ ಹಚ್ಚಿ ಕೊಟ್ಟಳು. ಅವನು ಅದನ್ನು ಚಾರ್ಜು ಎಂದ, ಅವ್ವ ಆಯಾರ ಎಂದಳು. ಅಳಿಯ ಅಲ್ಲ, ಮಗಳ ಗಂಡ. ಹೇಗೂ ರೊಕ್ಕ ನನ್ನ ಪಗಾರದ್ದು.

ಇನ್ನೊಂದು ರೂಢಿಯೂ ಇದೆ. ಅಳಿಯನಿಗೆ ಲೆಕ್ಕ ಕೇಳುವುದಿಲ್ಲ. ಕೇಳಿದರೆ ಅದು ಅವನಿಗೆ ತಾಗುವ ಮೊದಲು ಮಗಳಿಗೆ ತಾಗುತ್ತದೆ ಎಂದು ನಮ್ಮ ಹೆಂಗಸರಿಗೆ ಹೆದರಿಕೆ. ಮರುವರ್ಷ ಅವನು ಮತ್ತೆ ಬಂದು ರೊಕ್ಕ ಎಣಿಸಿ ಜೇಬಿಗೆ ಇಡುತ್ತಿದ್ದಾಗ ನಾನು, ಮಾಮಾ, ಹೋದ ವರ್ಷದ ಪಾವತಿ ಎಲ್ಲಿ ಎಂದು ಕೇಳಿಬಿಟ್ಟೆ. ಮಗ್ಗದ ಅಂಚಿಗೆ ಕುಳಿತಿದ್ದೆ. ಅವ್ವ ಕುಣಿಯೊಳಗಿಂದಲೇ ಕೈ ಚಾಚಿ ನನ್ನ ಕಾಲಿನ ಮಾಂಸ ಹಿಡಿದು ಚಿವುಟಿದಳು. ನೂಲು ಹಿಡಿದು ಗಟ್ಟಿಯಾದ ಬೆರಳು. ಆ ನೀಲಿ ಕಲೆ ಹೋಗಲು ವಾರ ಹಿಡಿಯಿತು. ಭಾವ ಮಾತ್ರ ಸಾವಕಾಶ ನಕ್ಕು, ಪಾವತಿಯ ಕಾಲ ಹೋಯಿತು ಅಕ್ಕೋರೇ, ಈಗ ಎಲ್ಲ ಕಂಪ್ಯೂಟರಿನ ಹೊಟ್ಟೆಯಲ್ಲೇ ಇರುತ್ತದೆ ಎಂದ.

ನಂಬಲು ನನಗೆ ಕಾರಣವಿತ್ತು. ನಮ್ಮ ಶಾಲೆಗೂ ಆಗ ಒಂದು ಕಂಪ್ಯೂಟರು ಬಂದಿತ್ತು. ಧೂಳು ಕೂಡಬಾರದೆಂದು ಹೆಡ್‌ಮಾಸ್ತರರು ಅದಕ್ಕೆ ಒಂದು ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿದ್ದರು. ದಸರೆಯ ಖಂಡೇಪೂಜೆಗೆ ಅದರ ತಲೆಗೆ ಚೆಂಡುಹೂವು ಏರುತ್ತಿತ್ತು, ಉಳಿದ ದಿನ ಯಾರೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಏನು ಬರುತ್ತದೆಂದು ನಮಗೆ ಗೊತ್ತಿರಲಿಲ್ಲ, ಹಾಗಾಗಿ ಏನು ಬರುತ್ತದೆ ಎಂದರೂ ನಂಬುವ ಹಾಗಿತ್ತು. ಇಳಕಲ್ಲಿನ ಮನೆಪಟ್ಟಿಯನ್ನು ಬಾಗಲಕೋಟೆಯಲ್ಲಿ ತಿಂದು ಅರಗಿಸಿಕೊಳ್ಳುವುದು ಅದಕ್ಕೆ ಯಾವ ದೊಡ್ಡ ಕೆಲಸ?

ಚಾರ್ಜು ವರ್ಷಾ ವರ್ಷಾ ಏರಿತು. ಮೊದಲು ಪಟ್ಟಿಯ ಮುಂದೆ ಅದು ಲೆಕ್ಕಕ್ಕಿಲ್ಲದಷ್ಟು ಇತ್ತು, ಬರಬರುತ್ತ ಪಟ್ಟಿಯ ಹೆಗಲಿಗೆ ಬರುವಷ್ಟಾಯಿತು. ಈ ವರ್ಷ ಕಂಪ್ಯೂಟರಿನವರು ಜಾಸ್ತಿ ಮಾಡಿದ್ದಾರಂತೆ ಎಂದು ಅವ್ವ ನನಗೆ ತಿಳಿಸುತ್ತಿದ್ದಳು. ನಾನು ಸಿಡುಕಿಕೊಂಡು ಕೊಡುತ್ತಿದ್ದೆ. ಅಡುಗೆಮನೆಯ ಮಣ್ಣು ನೆಲಕ್ಕೆ ಕಲ್ಲು ಹಾಸಿಸಬೇಕೆಂದು ನನಗೆ ಬಹಳ ಆಸೆಯಿತ್ತು. ನಮ್ಮೂರಿನ ಕೆಂಪು ಕಲ್ಲು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ, ನಮ್ಮ ಅಡುಗೆಮನೆಗೆ ಮಾತ್ರ ಬರಲೊಲ್ಲದು ಎಂದು ಹಾಸ್ಯ ಮಾಡುತ್ತಿದ್ದೆ. ಕಲ್ಲಿಗೆ ಎತ್ತಿಟ್ಟ ರೊಕ್ಕದಲ್ಲಿ ಪ್ರತಿ ಮಾರ್ಚಿಗೂ ಒಂದು ಪಾಲು ಹೋಗುತ್ತಿತ್ತು. ಹೋಗಲಿ, ಮನೆಯ ಮೇಲೆ ಬಾಕಿ ಇರಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಾಲ್ಕನೆಯ ವರ್ಷದ ಮಾರ್ಚು. ಶನಿವಾರ, ಮುಂಜಾನೆಯ ಶಾಲೆ. ಮಧ್ಯಾಹ್ನ ಬಸ್ಸು ಇಳಿದು ಬರುತ್ತಿದ್ದಾಗ ನಮ್ಮ ಓಣಿಯ ಕಡೆಯಿಂದ ಹಲಗಿಯ ಸಪ್ಪಳ ಕೇಳಿಸಿತು. ಯಾರಿಗೋ ಏನೋ ಆಯಿತು ಎಂದು ಕಾಲು ಬೇಗ ಹಾಕಿದೆ. ಹಲಗಿ ನಮ್ಮಲ್ಲಿ ಹೆಣದ ಮುಂದೂ ಬಾರಿಸುತ್ತಾರೆ. ತಿರುವು ದಾಟಿದರೆ ಓಣಿಯವರೆಲ್ಲ ಕಟ್ಟೆಗಳ ಮೇಲೆ ನಿಂತಿದ್ದರು. ಇಬ್ಬರು ಹಲಗಿಯವರು, ಕೈಯಲ್ಲಿ ಪಟ್ಟಿ ಹಿಡಿದ ಒಬ್ಬ ಗುಮಾಸ್ತ. ಅವರು ನಿಂತಿದ್ದು ನಮ್ಮ ಬಾಗಿಲ ಮುಂದೆ.

ಬಾಕಿದಾರರ ಮನೆಯ ಮುಂದೆ ಹಲಗಿ ಬಾರಿಸಿ ಮರ್ಯಾದೆ ಕಳೆದು ವಸೂಲಿ ಮಾಡುವುದು ಆಗ ಊರೂರಿನಲ್ಲಿ ಶುರುವಾಗಿತ್ತು. ನಾನು ಅದನ್ನು ಬೇರೆಯವರ ಮನೆಯ ಮುಂದೆ ನೋಡಿದ್ದೆ, ಆಗಬೇಕಾದ್ದೇ ಎಂದೂ ಅಂದುಕೊಂಡಿದ್ದೆ. ಈಗ ನಮ್ಮ ಬಾಗಿಲು. ಒಳಗೆ ಅವ್ವ ಕುಣಿಯಿಂದ ಎದ್ದಿರಲಿಲ್ಲ. ಹಲಗಿಯ ಎರಡು ಪೆಟ್ಟಿನ ನಡುವೆ ಲಾಳಿ ಓಡುವ ಸಪ್ಪಳ ಕೇಳುತ್ತಿತ್ತು. ತಲೆಯ ಮೇಲಿನ ಸೆರಗು ಹುಬ್ಬಿನವರೆಗೆ ಇಳಿದಿತ್ತು.

ನಾನು ನೇರ ಗುಮಾಸ್ತನ ಮುಂದೆ ಹೋಗಿ ನಿಂತೆ. ಬಾಕಿ ಇರಲು ಸಾಧ್ಯವೇ ಇಲ್ಲ, ವರ್ಷಾ ವರ್ಷಾ ಆನ್‌ಲೈನಿನಲ್ಲಿ ಕಟ್ಟಿದ್ದೇವೆ, ಅದರ ಚಾರ್ಜು ಸುದ್ದಾ ಕೊಟ್ಟಿದ್ದೇವೆ, ನಿಮ್ಮ ಕಂಪ್ಯೂಟರು ತೆಗೆದು ನೋಡಿ ಎಂದೆ. ತರಗತಿಯ ದನಿಯಲ್ಲೇ ಅಂದಿರಬೇಕು, ಹಲಗಿ ನಿಂತಿತು. ಗುಮಾಸ್ತ ವಯಸ್ಸಾದವನು, ಕೆಟ್ಟವನಲ್ಲ. ಬಾಯಿಯ ಎಲೆ ಅಡಿಕೆ ಒಂದು ಬದಿಗೆ ಸರಿಸಿಕೊಂಡು ನನ್ನ ಮುಖ ನೋಡಿದ.

"ಅಕ್ಕೋರ, ನಮ್ಮಲ್ಲಿ ಆನ್‌ಲೈನ್ ಅನ್ನೋದು ಇನ್ನೂ ಬಂದ ಇಲ್ರಿ. ಯಾರ ಕಡೆ ಕಟ್ಟೀರಿ ನೀವು?"

ಹೇಳಲು ಬಾಯಿ ತೆರೆದೆ. ಒಳಗೆ ಲಾಳಿ ನಿಂತಿತು.

"ಕಟ್ಟಿಲ್ರಿ ಯಪ್ಪಾ," ಎಂದಳು ಅವ್ವ ಕುಣಿಯೊಳಗಿಂದ. "ನಾನ ಕಟ್ಟಿಲ್ಲ. ಕೈಯಾಗ ಇದ್ದಿದ್ದಿಲ್ಲ. ಆಕಿಗೇನೂ ಗೊತ್ತಿಲ್ಲ. ಈ ವಾರದಾಗ ತುಂಬ್ತೇವಿ."

ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು. ಕಟ್ಟೆಯ ಮೇಲಿನವರು ನನ್ನ ಕಡೆ ನೋಡಿದರು. ಪಗಾರ ತರುವ ಮಗಳಿದ್ದೂ ತಾಯಿಯ ಕೈಯಲ್ಲಿ ರೊಕ್ಕ ಇರಲಿಲ್ಲವಂತೆ ಎಂಬ ನೋಟ. ಗುಮಾಸ್ತ ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡು, ಹಲಗಿಯವರನ್ನು ಕರೆದುಕೊಂಡು ಮುಂದಿನ ಮನೆಗೆ ಹೋದ.

ಒಳಗೆ ಹೋಗಿ ಯಾಕೆ ಸುಳ್ಳು ಹೇಳಿದಿ ಎಂದು ಕೇಳಿದೆ. ಅವ್ವ, ರೊಟ್ಟಿ ಬಡಿದಿಟ್ಟಿದ್ದೇನೆ, ಉಣ್ಣು ಎಂದಳು. ನಾನು ಉಣ್ಣಲಿಲ್ಲ. ಅಳಿಯನ ಮರ್ಯಾದೆ ಉಳಿಸಲು ತನ್ನ ಮರ್ಯಾದೆಯನ್ನು ಬೀದಿಗೆ ಹಾಕಿದಳು ಎಂದು ನನಗೆ ಆಗ ಅನಿಸಿತು. ಪಾಪ, ಅವ್ವನಿಗೂ ಈಗಷ್ಟೇ ಗೊತ್ತಾಗಿದೆ, ಎದೆಗೆ ಪೆಟ್ಟು ಬಿದ್ದಿದೆ, ಅದಕ್ಕೇ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ಸಿಟ್ಟೆಲ್ಲ ಭಾವನ ಮೇಲೆ ತಿರುಗಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮರುದಿನ ಭಾನುವಾರ ಮೊದಲ ಬಸ್ಸಿಗೆ ಬಾಗಲಕೋಟೆಗೆ ಹೊರಟೆ. ಹುನಗುಂದ ದಾಟಿ ಅಮೀನಗಡ ಬರುವಷ್ಟರಲ್ಲಿ ಬೈಗುಳಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟುಕೊಂಡಿದ್ದೆ. ಅಕ್ಕನಿಗೆ ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಎಂಬುದೊಂದೇ ಚಿಂತೆ. ಆಕೆ ಮೆತ್ತಗಿನ ಜೀವ. ನಾನು ಸಣ್ಣವಳಿದ್ದಾಗ ನನ್ನ ಪರವಾಗಿ ಅಪ್ಪನ ಪೆಟ್ಟು ತಿಂದವಳು. ಗಂಡ ಇಂಥ ಕೆಲಸ ಮಾಡಿದ್ದಾನೆಂದು ಕೇಳಿದರೆ ಎದೆ ಒಡೆದುಕೊಂಡಾಳು ಎಂದು ನನಗೆ ಹೆದರಿಕೆ.

ಭಾವ ನನ್ನನ್ನು ಬಾಗಿಲಲ್ಲಿ ಕಂಡವನೇ ಮುಖ ಬಿಳಿಚಿಕೊಂಡ. ಏನ್ರಿ ಅಕ್ಕೋರ ಎನ್ನಲಿಲ್ಲ. ಹಾಲು ತರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದವನು ನಾನು ಇರುವತನಕ ತಿರುಗಿ ಬರಲಿಲ್ಲ. ಹಾಲು ಮನೆಯಲ್ಲೇ ಇತ್ತು. ಅಕ್ಕ ಚಹಾ ಮಾಡಿಕೊಟ್ಟಳು. ಮುಂದಿನ ಕೋಣೆಯಲ್ಲಿ ಅಂಗಡಿಯ ಝೆರಾಕ್ಸ್ ಮಷಿನ್ನು ಗೋಣಿ ಹೊದ್ದು ಕೂತಿತ್ತು. ಕಂಪ್ಯೂಟರು ಇರಲಿಲ್ಲ. ಸಾಲ ಕೊಟ್ಟವರು ಒಯ್ದು ಎರಡು ವರ್ಷವಾಯಿತು ಎಂದು ಅಕ್ಕ ತಾನಾಗಿಯೇ ಹೇಳಿದಳು. ಎರಡು ವರ್ಷದಿಂದ ನಾನು ಆ ಇಲ್ಲದ ಕಂಪ್ಯೂಟರಿಗೆ ಚಾರ್ಜು ಕೊಡುತ್ತಿದ್ದೆ.

ಹಲಗಿಯ ವಿಷಯ ಹೇಳಿದೆ. ಅಕ್ಕ ಎದೆ ಒಡೆದುಕೊಳ್ಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

"ಹಲಗಿ ಬರತಾವಂತ ಅವ್ವ ಹೇಳಿರಲಿಲ್ಲ," ಎಂದಳು.

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. ಅವ್ವನಿಗೆ ಹೇಗೆ ಗೊತ್ತಿರಬೇಕು ಎಂದೆ. ಆಗ ಅಕ್ಕ ಹೇಳತೊಡಗಿದಳು, ನೆಲ ನೋಡಿಕೊಂಡೇ.

ಮೊದಲ ವರ್ಷ ಭಾವ ಇಳಕಲ್ಲಿಗೆ ಇನ್ನೊಂದು ದಿನ ಬಂದು ಕಿಟಕಿಯಲ್ಲೇ ಕಟ್ಟಿ ಹೋಗುವವನಿದ್ದನಂತೆ. ಅಷ್ಟರಲ್ಲಿ ಕಂಪ್ಯೂಟರಿನ ಕಂತು ಬಂತು, ರೊಕ್ಕ ಅದಕ್ಕೆ ಹೋಯಿತು. ವರ್ಷ ತುಂಬುವುದರೊಳಗೆ ಪಟ್ಟಿ ವಸೂಲಿಯವರು ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಮನೆಗೆ ಬಂದು ಅವ್ವನಿಗೆ ಬಾಕಿಯ ಸುದ್ದಿ ಹೇಳಿದ್ದರು. ಮರುವಾರ ಅವ್ವ ಬಾದಾಮಿಯ ಬನಶಂಕರಿಗೆ ಹರಕೆ ಇದೆ ಎಂದು ಒಬ್ಬಳೇ ಹೊರಟಿದ್ದಳು. ನನಗೆ ನೆನಪಿತ್ತು, ಬುತ್ತಿ ಕಟ್ಟಿ ಬಸ್ಸು ಹತ್ತಿಸಿದವಳು ನಾನೇ. ಆಕೆ ಬಾದಾಮಿಗೆ ಹೋಗಿರಲಿಲ್ಲ. ನವನಗರಕ್ಕೆ ಬಂದಿದ್ದಳು. ಅಕ್ಕನ ಮನೆಯಲ್ಲಿ ಹಿಟ್ಟಿನ ಡಬ್ಬಿ ತೆಗೆದು ನೋಡಿದಳಂತೆ, ಮೊಮ್ಮಗಳ ಶಾಲೆಯ ಫೀಜು ಬಾಕಿ ಇದೆಯೆಂದು ತಿಳಿದುಕೊಂಡಳಂತೆ. ಅಳಿಯನಿಗೆ ಒಂದು ಮಾತೂ ಅನ್ನಲಿಲ್ಲ. ಹೋಗುವಾಗ, ಮನೆಪಟ್ಟಿಗೆ ವರ್ಷಾ ವರ್ಷಾ ನೀವೇ ಬರ್ರಿ, ಸಣ್ಣವಳಿಗೆ ಬಿಸಿಲು ಆಗಿಬರುವುದಿಲ್ಲ ಎಂದು ಹೇಳಿ ಹೋದಳು.

"ಅವರಿಗೆ ಹೆಂಡತಿ ತವರಿನ ರೊಕ್ಕಾ ಕೈಚಾಚಿ ಇಸ್ಕೊಳ್ಳಾಕ ಆಗೂದಿಲ್ಲ," ಎಂದಳು ಅಕ್ಕ. "ಹಿಂಗಾದ್ರ ಆಯಾರ ಇದ್ದಂಗ ಆತು ಅಂತ ಅವ್ವನ ಅಂದ್ಲು."

ಅಂದರೆ ವರ್ಷಾ ವರ್ಷಾ ಚಾರ್ಜು ಏರಿಸಿದವರು ಯಾವ ಕಂಪ್ಯೂಟರಿನವರೂ ಅಲ್ಲ. ನಮ್ಮ ಅವ್ವ. ಮಗಳ ಮನೆಯ ಖರ್ಚು ನೋಡಿಕೊಂಡು ಕುಣಿಯಲ್ಲಿ ಕೂತು ಲೆಕ್ಕ ಹಾಕಿ, ಈ ಸಲ ಇಷ್ಟು ಎಂದು ನನಗೆ ಹೇಳಿದವಳು ಆಕೆ. ಪಾವತಿ ಕೇಳಿದಾಗ ಚಿವುಟಿದ್ದು ಅಳಿಯನ ಮರ್ಯಾದೆಗಲ್ಲ, ತನ್ನ ಗುಟ್ಟಿಗೆ. ಬನಶಂಕರಿಯದು ಎಂದು ತಂದುಕೊಟ್ಟ ಕುಂಕುಮವನ್ನು ನಾನು ಕಣ್ಣಿಗೊತ್ತಿ ಹಚ್ಚಿಕೊಂಡಿದ್ದೆ. ಅದನ್ನೂ ಕೇಳಿಬಿಟ್ಟೆ. ಅಕ್ಕ ತನ್ನ ದೇವರ ಗೂಡಿನ ಕಡೆ ಒಮ್ಮೆ ನೋಡಿದಳು. ಅಲ್ಲಿಂದಲೇ ಪೊಟ್ಟಣ ಕಟ್ಟಿ ಕೊಟ್ಟಿದ್ದಳು.

ಭಾವನ ಮೇಲೆ ಜೋಡಿಸಿಕೊಂಡಿದ್ದ ಬೈಗುಳ ಒಂದೂ ಉಪಯೋಗಕ್ಕೆ ಬರಲಿಲ್ಲ. ಅವನು ಕಳ್ಳನೇ ಸೈ, ಆದರೆ ಕಳ್ಳನಿಗೆ ಬಾಗಿಲು ತೆಗೆದಿಟ್ಟವರು ಒಳಗಿನವರು. ಅವನೊಬ್ಬನೇ ಆಗಿದ್ದರೆ ನಾನು ಜಗಳಾಡಿ ಹಗುರಾಗುತ್ತಿದ್ದೆ. ನನ್ನ ಅವ್ವ, ನನ್ನ ಅಕ್ಕ, ಇಬ್ಬರೂ ಸೇರಿ ನಾಲ್ಕು ವರ್ಷ ನನ್ನ ಎದುರಿಗೆ ಕಣ್ಣು ಸಹಿತ ತಪ್ಪಿಸದೆ ಕೂತಿದ್ದರು. ಚಹಾ ಅರ್ಧ ಬಿಟ್ಟು ಎದ್ದೆ. ಅಕ್ಕ ಬಸ್‌ಸ್ಟ್ಯಾಂಡಿನ ತನಕ ಬರುತ್ತೇನೆಂದಳು, ಬೇಡ ಎಂದೆ.

ಭಾನುವಾರ ಎಲ್ಲಿಗೆ ಹೋಗಿದ್ದೆನೆಂದು ಅವ್ವನಿಗೆ ಹೇಳದೆಯೇ, ಮಂಗಳವಾರ ಅರ್ಧ ದಿನ ರಜೆ ಹಾಕಿ ಹೋಗಿ ಬಾಕಿಯನ್ನೆಲ್ಲ ದಂಡದ ಸಮೇತ ಕಟ್ಟಿದೆ. ಅಡುಗೆಮನೆಯ ಕಲ್ಲಿನ ರೊಕ್ಕ ಪೂರ್ತಿ ಮುಗಿಯಿತು. ಕಿಟಕಿಯ ಹಿಂದೆ ಅದೇ ಮುದುಕ ಗುಮಾಸ್ತ. ಪಾವತಿ ಹರಿದು ಕೊಡುವಾಗ ಆನ್‌ಲೈನಿನ ಬಗ್ಗೆ ಏನೂ ಕೇಳಲಿಲ್ಲ. ಆ ದೊಡ್ಡತನಕ್ಕೆ ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮನೆಗೆ ಬಂದಾಗ ಎದುರು ಮನೆಯವಳು ನಮ್ಮ ಕಟ್ಟೆಯ ಮೇಲೆ ಕೂತು ಅವ್ವನ ಜೊತೆ ಮಾತಾಡುತ್ತಿದ್ದಳು. ಕಟ್ಟಿದಿರೇನು ಎಂದು ಆಕೆ ನನ್ನನ್ನೇ ಕೇಳಿದಳು. ನಾನು ಹೂಂ ಎನ್ನುವಷ್ಟರಲ್ಲಿ ಅವ್ವ ಒಳಗಿಂದ, ಅಳಿಯಂದಿರು ರೊಕ್ಕ ಕಳಿಸಿದರು, ಸುದ್ದಿ ತಿಳಿದ ಕೂಡಲೇ ಕಳಿಸಿಬಿಟ್ಟರು ಎಂದಳು. ಒಂದಿಷ್ಟೂ ತಡವರಿಸಲಿಲ್ಲ. ಎದುರು ಮನೆಯವಳು, ಅಳಿಯ ಸಿಕ್ಕರೆ ಇಂಥವನು ಸಿಗಬೇಕು ಎನ್ನುತ್ತ ಎದ್ದು ಹೋದಳು. ಪಾವತಿ ನನ್ನ ಕೈಯಲ್ಲೇ ಇತ್ತು.

ಬಾಗಿಲು ಹಾಕಿ ಬಂದು ಮಗ್ಗದ ಅಂಚಿಗೆ ಕೂತೆ. ಅಕ್ಕನ ಮನೆಗೆ ಹೋಗಿದ್ದೆ, ಎಲ್ಲ ಗೊತ್ತಾಗಿದೆ ಎಂದೆ. ಅವ್ವ ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕುತ್ತಿದ್ದಳು. ಗಂಟು ಬಿಗಿಯುವತನಕ ತಲೆ ಎತ್ತಲಿಲ್ಲ.

"ಅಕ್ಕನ ಸಲುವಾಗಿ ಅಂತ ಕೇಳಿದ್ರ ನಾ ಕೊಡತಿದ್ದಿಲ್ಲೇನು?" ಎಂದೆ.

"ಕೊಡತಿದ್ದಿ. ಕೊಟ್ಟು, ಆಡಿ ತೋರಸ್ತಿದ್ದಿ. ನಿನ್ನ ಬಾಯಿ ನಂಗ ಗೊತ್ತಿಲ್ಲೇನು? ಆಕಿ ಅನ್ನಾ ಉಣ್ಣುಮುಂದ ನಿನ್ನ ಮಾತು ನೆನಸ್ಕೋತ ಉಣ್ಣೂದು ಬ್ಯಾಡಾಗಿತ್ತು ನಂಗ."

ನನ್ನ ಬಾಯಿ ಚುರುಕು ಎಂಬುದು ಊರಿಗೇ ಗೊತ್ತು. ಆದರೆ ಇದು ನಾನು ಆಡದ ಮಾತು. ಆಡಿಯಾಳು ಎಂದು ತಾನೇ ತೀರ್ಮಾನಿಸಿ, ನಾಲ್ಕು ವರ್ಷದ ದಂಡ ಮುಂಚಿತವಾಗಿ ವಸೂಲಿ ಮಾಡಿದ್ದಳು. ಭಾವ ಮೋಸ ಮಾಡಿದಾಗ ಸಿಟ್ಟು ಬಂದಿತ್ತು. ಅವ್ವನ ಈ ಮಾತಿಗೆ ಸಿಟ್ಟೂ ಬರಲಿಲ್ಲ. ಒಬ್ಬ ಮಗಳ ಸಂಸಾರದ ಬಾಗಿಲು ಮುಚ್ಚಿಡಲು ಇನ್ನೊಬ್ಬ ಮಗಳನ್ನು ಚಿಲಕ ಮಾಡಿಕೊಂಡಿದ್ದಳು. ನಾನು ಮದುವೆಯಾಗಿ ಹೋಗಿದ್ದರೆ ನನಗೂ ಹೀಗೇ ಯಾರನ್ನಾದರೂ ಸುಲಿದು ತಂದು ಕೊಡುತ್ತಿದ್ದಳೇನೋ. ಮನೆಯಲ್ಲೇ ಉಳಿದವಳಿಗೆ ಮರ್ಯಾದೆ ಮಾಡುವ ರೂಢಿ ನಮ್ಮಲ್ಲಿ ಯಾವುದೂ ಇಲ್ಲ. ಅದನ್ನೆಲ್ಲ ಹೇಳಬೇಕೆಂದುಕೊಂಡೆ. ಬಾಯಿಂದ ಬಂದದ್ದು ಬೇರೆ.

"ಇನ್ನ ಮ್ಯಾಲ ನನ್ನ ರೊಕ್ಕದ ಲೆಕ್ಕಾ ನಂಗ ಬೇಕು. ಪೈಸಾ ಪೈಸಾದ್ದು."

ಆ ಮನೆಯಲ್ಲಿ ಯಾರೂ ಯಾರಿಗೂ ಅಂಥ ಮಾತು ಆಡಿರಲಿಲ್ಲ. ಅವ್ವ, ಆಯಿತು ಎಂದು ಲಾಳಿ ಎತ್ತಿಕೊಂಡಳು.

ಮುಂದಿನ ತಿಂಗಳು ಪಗಾರ ಕೊಟ್ಟೆ. ತಿಂಗಳ ಕಡೆಯ ದಿನ ಅವ್ವ ಮಗ್ಗ ಬೇಗ ನಿಲ್ಲಿಸಿ, ಕುಣಿಯಿಂದ ಎದ್ದು, ಕೈ ತೊಳೆದು ಬಂದು ನನ್ನೆದುರಿಗೆ ಚಾಪೆಯ ಮೇಲೆ ಕೂತಳು. ಅಕ್ಷರ ಬಾರದವಳು. ಕಿರಾಣಿಯವನ ಚೀಟಿ, ಗಿರಣಿಯವನ ಚೀಟಿ, ಔಷಧದ ಅಂಗಡಿಯ ಚೀಟಿ, ಒಂದೊಂದನ್ನೂ ಯಾವುದೆಂದು ಹೇಳುತ್ತ ಸಾಲಾಗಿ ಹರವಿದಳು. ಕಾಯಿಪಲ್ಲೆಗೆ ಚೀಟಿ ಕೊಡುವುದಿಲ್ಲವಾದ್ದರಿಂದ ಅದಕ್ಕೆ ಬೆರಳು ಮಡಚಿ ಲೆಕ್ಕ ಹೇಳಿದಳು. ನಾಲ್ಕೈದು ತಿಂಗಳಾದ ಮೇಲೆ ನಾನೇ ಸೋತು, ಬೇಡ ಅವ್ವ, ಸಿಟ್ಟಿನಲ್ಲಿ ಅಂದಿದ್ದೆ, ಬಿಡು ಎಂದೆ. ಒಮ್ಮೆ ಅತ್ತೂ ಬಿಟ್ಟೆ. ಆಕೆ ಬಿಡಲಿಲ್ಲ. ಅಕ್ಕನ ಮನೆಗೆ ಏನು ಕಳಿಸಿದಳೋ, ಎಲ್ಲಿಂದ ಕಳಿಸಿದಳೋ, ನನ್ನ ರೊಕ್ಕದಿಂದ ಆಮೇಲೆ ಒಂದು ಪೈಸೆಯೂ ಹೋಗಲಿಲ್ಲ. ಕಣ್ಣು ಮಂಜಾಗಿ ಚೀಟಿಗಳು ಕಾಣದಾದ ಮೇಲೂ, ಮುಟ್ಟಿ ನೋಡಿ ಇದು ಕಿರಾಣಿಯದು, ಇದು ಗಿರಣಿಯದು ಎಂದು ನನ್ನ ಮುಂದೆ ಸರಿಸುತ್ತಿದ್ದಳು. ಉಳಿದ ಚಿಲ್ಲರೆಯನ್ನು ಕಡೆಗೆ ಇಡುತ್ತಿದ್ದಳು.

"ಬರೋಬರಿ ಐತೇನು ನೋಡ್ಕೊ," ಎನ್ನುತ್ತಿದ್ದಳು.

ನಾನು ನೋಡುತ್ತಿದ್ದೆ. ಪ್ರತಿ ಸಲವೂ ಬರೋಬರಿ ಇರುತ್ತಿತ್ತು.